ಏಳು ನಿಮಿಷದ ಬಿಡುವು

ಜೂನ್ 9

ಮಹಾರಾಜಶ್ರೀ ಅಕ್ಕನವರ ಸನ್ನಿಧಾನಕ್ಕೆ,

ನಿರ್ವಾತ ಸಂಸ್ಥಾನದ ಪಂಪಿನೆಣ್ಣೆ ಮಂತ್ರಿಯೂ, ಒಡೆದ ಗಾಜಿನ ಖಾತೆಯ ಉಪಮಂತ್ರಿಯೂ, ನಿನಗಿರುವ ಒಬ್ಬನೇ ತಮ್ಮನೂ ಆದ ನಾನು ವಿನಯಪೂರ್ವಕವಾಗಿ ಸಲ್ಲಿಸುವ ದೂರು ಏನೆಂದರೆ: ಬರುತ್ತೇನೆ ಬರುತ್ತೇನೆ ಎಂದು ಹೇಳಿ ನೀನು ಈ ಸಲವೂ ಬರಲಿಲ್ಲ. ನಿನಗೆಂದು ಎರವಲು ತಂದಿದ್ದ ಮಡಿಸುವ ಮಂಚವನ್ನು ಪಕ್ಕದ ಕೋಣೆಯವನಿಗೆ ವಾಪಸ್ ಕೊಟ್ಟೆ. ಹೊರಡುವಾಗ ಮಂಚ ಕಿರ್ರೆಂದು ಅತ್ತಿತು. ನಾನು ಅಳಲಿಲ್ಲ, ಅದನ್ನು ಹೊತ್ತುಕೊಂಡಿದ್ದೆ.

ಕಾಗದ ಯಾಕೆ, ಫೋನ್ ಮಾಡಬಾರದೇ ಅನ್ನುತ್ತೀಯ. ಹಗಲೆಲ್ಲ ನಿನ್ನ ಫೋನು ಕಾರ್ಖಾನೆಯ ಗೇಟಿನಲ್ಲಿ ಒತ್ತೆಯಿರುತ್ತದೆ. ಸಂಜೆ ಮಾಡಿದರೆ ಹೂಂ, ಹೂಂ ಎನ್ನುತ್ತ ಆ ಕಡೆ ಇನ್ನೇನೋ ಮಾಡುತ್ತಿರುತ್ತೀಯ. ಕಾಗದಕ್ಕೆ ಹೂಂಗುಟ್ಟಲು ಬರುವುದಿಲ್ಲ. ಅದನ್ನು ಕೂತು ಓದಲೇಬೇಕು.

ನಾನು ಏನು ಕಡಿದು ಕಟ್ಟೆ ಹಾಕುತ್ತಿದ್ದೇನೆ ಎಂದು ಅಮ್ಮ ಕೇಳಿದಳಂತೆ. ಹೀಗೆ ಹೇಳು: ಒಂದು ಉಕ್ಕಿನ ಡಬ್ಬಿ, ಹೆಸರು ಚೇಂಬರ್. ಅದರೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ, ಆರ್ಗಾನ್ ಎಂಬ ಅನಿಲವನ್ನು ಚಿಟಿಕೆಯಷ್ಟು ಬಿಡುತ್ತೇವೆ. ಅದರ ಕಣಗಳು ಹೋಗಿ ನಿಕಲ್ ಮತ್ತು ಕಬ್ಬಿಣ ಸೇರಿದ ಒಂದು ಬಿಲ್ಲೆಗೆ ಗುದ್ದುತ್ತವೆ. ಗುದ್ದಿದಾಗ ಹಾರಿದ ಲೋಹದ ಪುಡಿ ಎದುರಿನ ಗಾಜಿನ ಮೇಲೆ ಕೂತು ಪದರವಾಗುತ್ತದೆ, ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳಗೆ. ಆ ಪದರ ಒಂದು ಅಯಸ್ಕಾಂತ. ಅದರ ಉತ್ತರ ದಕ್ಷಿಣಗಳನ್ನು ತಿರುಗಿಸಲು ಎಷ್ಟು ಜೋರಾಗಿ ತಳ್ಳಬೇಕೋ ಅಷ್ಟು ಅದರ ಹಠ. ಹಠ ಕಡಿಮೆಯಿದ್ದರೆ ಒಳ್ಳೆಯ ಸೆನ್ಸರ್ ಆಗುತ್ತದೆ, ಅಕ್ಕನ ಕಾರ್ಖಾನೆಯವರು ಮಾಡಿ ಮಾರುವಂಥದ್ದು. ಹಠ ಹೆಚ್ಚಿದ್ದರೆ ಆ ಗಾಜಿನ ತುಣುಕು ಕಸದ ಬುಟ್ಟಿಗೆ, ಮಗ ಬೈಸಿಕೊಳ್ಳಲು ಪಿಎಚ್‌ಡಿ ಮೇಷ್ಟ್ರ ಕೋಣೆಗೆ.

ಸದ್ಯ ಬುಟ್ಟಿ ತುಂಬಿದೆ. ಪದರ ದಪ್ಪವಾದಷ್ಟೂ ಲೋಹ ಕೆಳಗಿನಿಂದ ಮೇಲಿನವರೆಗೆ ಕಂಬ ಕಂಬವಾಗಿ ಬೆಳೆಯುತ್ತದೆ, ಕಂಬ ಬೆಳೆದಷ್ಟೂ ಹಠ ಏರುತ್ತದೆ. ಆರ್ಗಾನ್ ಒತ್ತಡ ಇಳಿಸಿ ನೋಡಿದೆ, ಗಾಜು ಬಿಸಿ ಮಾಡಿ ನೋಡಿದೆ, ಕೈಮುಗಿದೂ ನೋಡಿದೆ. ಈ ಪದರ ನಮ್ಮ ಮನೆಯ ಹೆಣ್ಣುಮಕ್ಕಳ ಪೈಕಿ ಇರಬೇಕು.

ನಿನ್ನ ಆಜ್ಞಾಧಾರಕ,
ಮಂತ್ರಿ

*

ಜೂನ್ 26

ತಮ್ಮಾ,

ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಮಂಚ ಅತ್ತಿದ್ದಕ್ಕೆ ತುಂಬ ನಕ್ಕಳು. ಬರಲಾಗಲಿಲ್ಲ, ಕಾರ್ಖಾನೆಯ ಲೈನಿನಲ್ಲಿ ಕೆಲಸ ಜಾಸ್ತಿ.

ನಿಮ್ಮ ಪದರ ಎಷ್ಟು ದಪ್ಪ? ಗಾಜನ್ನು ಎಷ್ಟು ಡಿಗ್ರಿಗೆ ಬಿಸಿ ಮಾಡುತ್ತೀರಿ? ನಮ್ಮಲ್ಲೂ ಇದೇ ತರಲೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

*

ಜುಲೈ 18

ಪ್ರಶ್ನಾಪ್ರಿಯೆಯಾದ ಅಕ್ಕನವರಿಗೆ,

ನನ್ನ ಕೆಲಸದ ಬಗ್ಗೆ ನೀನು ಎರಡು ಪ್ರಶ್ನೆ ಕೇಳಿದ್ದು ಇತಿಹಾಸದಲ್ಲಿ ಇದೇ ಮೊದಲು. ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದೆ. ಮೊಳೆ ಸಿಗಲಿಲ್ಲ.

ದಪ್ಪ ಒಂದು ಮೈಕ್ರಾನ್. ಬಿಸಿ ನೂರು ಡಿಗ್ರಿ. ಆದರೆ ಅದೆಲ್ಲ ಹಳೇ ಸುದ್ದಿ, ಈಗ ಹೊಸದನ್ನು ಕೇಳು.

ನನ್ನ ಜೊತೆ ಕೆಲಸ ಮಾಡುವ ಒಬ್ಬಳಿದ್ದಾಳೆ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವುದರಿಂದ ಅವಳಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೇನೆ. ಪದರ ಬೆಳೆಸುವವನು ನಾನು, ಹಠ ಅಳೆಯುವವಳು ಅವಳು. ಹೋದ ವಾರ ಒಂದು ದಪ್ಪ ಪದರ ಅರ್ಧ ಆಗಿರುವಾಗ ನನಗೆ ಚಹಾದ ಹಂಬಲ ತಡೆಯಲಾಗಲಿಲ್ಲ. ಬಿಲ್ಲೆಯ ಮುಂದಿನ ಶಟರ್ ಎಳೆದು ಓಡಿದೆ. ಬಂದು ಮತ್ತೆ ತೆರೆದೆ. ಅದು ಮುಗಿಯುವ ಹೊತ್ತಿಗೆ ಮತ್ತೆರಡು ಸಲ ಓಡಿದ್ದೆ, ಆ ದಿನ ಅಷ್ಟು ಬೇಜಾರಿತ್ತು. ಕೆಟ್ಟುಹೋದ ಪದರ ಎಂದು ತಿಳಿದೇ ಅವಳ ಕೈಗೆ ಕೊಟ್ಟೆ, ಅವಳ ಮುಖ ನೋಡುವ ಆಸೆಗೆ.

ಅವಳು ಅಳೆದಳು. ಉಪಕರಣ ಕೆಟ್ಟಿದೆ ಎಂದು ತಟ್ಟಿ ಮತ್ತೆ ಅಳೆದಳು. ಹಠ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಏನು ಮಾಡಿದೆ ಎಂದು ಕೇಳಿದಳು. ಚಹಾ ಕುಡಿದೆ ಎಂದೆ. ನನ್ನ ಮಾತನ್ನು ಯಾರೂ ನಂಬದಿರುವುದು ರೂಢಿಯಾದ್ದರಿಂದ, ಅವಳು ನನ್ನನ್ನು ಕೂರಿಸಿ, ಇನ್ನೊಂದು ಪದರ ಹಾಕಿಸಿ, ಚಹಾದಂಗಡಿಯವರೆಗೂ ಜೊತೆಗೆ ಬಂದಳು. ಅದೂ ಹಾಗೇ ಬಂತು.

ಶಟರ್ ಮುಚ್ಚಿದ್ದಾಗ ಚೇಂಬರಿನಲ್ಲಿ ಉಳಿದ ಚೂರುಪಾರು ಗಾಳಿ ಪದರದ ಮೇಲೆ ಕೂತು ತೆಳ್ಳನೆಯ ತುಕ್ಕಿನ ಪೊರೆ ಕಟ್ಟುತ್ತದೆ. ಕೆಳಗಿನ ಕಂಬ ಅಲ್ಲಿಗೆ ಮುಗಿಯಿತು. ಮೇಲೆ ಹೊಸದಾಗಿ ಶುರುವಾಗಬೇಕು. ಉದ್ದ ಕಂಬದ ಬದಲು ನಾಲ್ಕು ಮೊಂಡು ಕಂಬ. ಇದು ಮೇಷ್ಟ್ರ ವಿವರಣೆ. ಅವರು ಎರಡು ದಿನ ನಕ್ಕಿಲ್ಲ, ಅಂದರೆ ಬಹಳ ಸಂತೋಷವಾಗಿದೆ. ಇದು ನಿಂತರೆ ನನ್ನ ಪಿಎಚ್‌ಡಿ ಇದರ ಮೇಲೆಯೇ ನಿಲ್ಲುತ್ತದೆ. ಅಚ್ಚಾಗುವವರೆಗೆ ಒಂದಕ್ಷರವೂ ಈ ಬಾಗಿಲು ದಾಟಬಾರದೆಂದು ಅವರ ಕಟ್ಟಪ್ಪಣೆ. ನೀನು ಬಾಗಿಲ ಆಚೆಯವಳಲ್ಲವಾದ್ದರಿಂದ ಬರೆದಿದ್ದೇನೆ.

ಚಹಾಪ್ರವೀಣ,
ತಮ್ಮ

*

ಜುಲೈ 23

ತಮ್ಮಾ,

ಕಾಗದ ತಲುಪಿದ ಕೂಡಲೇ ಬರೆಯುತ್ತಿದ್ದೇನೆ. ತುಂಬ ಸಂತೋಷವಾಯಿತು. ನೀನು ಚಿಕ್ಕಂದಿನಿಂದಲೂ ಹೀಗೇ, ಕೆಡಿಸಲು ಹೋಗಿ ಸರಿ ಮಾಡುತ್ತೀಯ.

ಇದನ್ನು ಸ್ವಲ್ಪ ಬಿಡಿಸಿ ಬರೆ. ಎಷ್ಟು ಬಿಡುವು ಕೊಟ್ಟೆ, ಎಷ್ಟೆಷ್ಟು ದಪ್ಪಕ್ಕೆ? ಒಂದೊಂದು ಎಷ್ಟು ಹೊತ್ತು? ಬಿಡುವಿನಲ್ಲಿ ಆರ್ಗಾನ್ ಹರಿಯುತ್ತಿತ್ತೇ, ನಿಲ್ಲಿಸಿದ್ದೆಯಾ? ಪಂಪು? ಬೇರೆ ಯಾರಿಗಾದರೂ ಬರೆದಿದ್ದೀಯಾ? ಸುಮ್ಮನೆ ಕೇಳುತ್ತಿದ್ದೇನೆ, ನನಗೂ ಮಿದುಳು ತುಕ್ಕು ಹಿಡಿದಿದೆ.

ನಿನ್ನ ಕೆಮ್ಮು ಹೇಗಿದೆ? ಬೂದು ಬಣ್ಣದ ಸ್ವೆಟರ್ ಕಳಿಸಿದ್ದೇನೆ, ಹಾಕಿಕೊ.

ಅಕ್ಕ

*

ಆಗಸ್ಟ್ 1

ಊರ್ಣವಸ್ತ್ರದಾಯಿನಿಯಾದ ಅಕ್ಕನವರಿಗೆ,

ಸ್ವೆಟರ್ ತಲುಪಿತು. ತೋಳು ಮೊಣಕಾಲಿನವರೆಗೆ ಬರುತ್ತದೆ. ಅದನ್ನು ಹಾಕಿಕೊಂಡು ಆರು ಪುಟ ಬರೆದಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ. ನೀನು ಕೇಳಿದ್ದೆಲ್ಲ ಅದರಲ್ಲಿದೆ, ಕೇಳದೆ ಇದ್ದದ್ದೂ ಇದೆ. ಹಿಂದೆ ನನ್ನ ಶಾಲೆಯ ಪ್ರಬಂಧ ಓದುತ್ತ ನಿದ್ದೆ ಹೋದವಳು ಈಗ ಪಂಪು ನಿಲ್ಲಿಸಿದ್ದೆಯಾ ಎಂದು ಕೇಳುತ್ತಿದ್ದಾಳೆ. ಗಡಿಯಾರಕ್ಕೆ ಓದಿ ತೋರಿಸಬೇಕೆನಿಸಿತು. ಹೊರಗೆ ಬರೆದದ್ದು ಗೊತ್ತಾಗುತ್ತದೆಂದು ಸುಮ್ಮನಾದೆ.

ಒಂದು ರಹಸ್ಯ. ಬಿಡುವು ಏಳು ನಿಮಿಷ ಎಂದು ಬರೆದಿದ್ದೇನಲ್ಲ, ಅದರ ಹಿಂದೆ ಯಾವ ಭೌತಶಾಸ್ತ್ರವೂ ಇಲ್ಲ. ನಮ್ಮ ಮೂಲೆಯಂಗಡಿಯ ಚಹಾ ಬಾಯಿ ಸುಡದ ಹಾಗೆ ಕುಡಿದು ವಾಪಸ್ ಬರಲು ಬೇಕಾದ ಹೊತ್ತು ಅದು. ಮೂರು ನಿಮಿಷವೂ ಸಾಕಾಗಬಹುದು, ಹತ್ತೂ ಬೇಕಾಗಬಹುದು. ಅದನ್ನೆಲ್ಲ ಒಂದೊಂದಾಗಿ ನೋಡಿ ಆದಮೇಲೆಯೇ ಪೇಪರ್ ಎಂದು ಮೇಷ್ಟ್ರು ಹೇಳಿದ್ದಾರೆ. ಅಲ್ಲಿಯವರೆಗೆ ಚಹಾವೇ ಪ್ರಮಾಣ.

ನಿನ್ನ,
ತೋಳಿಲ್ಲದ (ಒಳಗೆ ಎಲ್ಲೋ ಇವೆ) ತಮ್ಮ

*

ಅಕ್ಟೋಬರ್ 20

ಮೌನವ್ರತಾಚರಣೆಯಲ್ಲಿರುವ ಅಕ್ಕನವರಿಗೆ,

ನಾಲ್ಕು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ. ಅಂಚೆಯವನನ್ನು ವಿಚಾರಣೆಗೆ ಕರೆದೆ, ಅವನು ನಿರಪರಾಧಿ. ಆರು ಪುಟ ಓದಿ ನಿನಗೆ ನಿದ್ದೆ ಬಂದು ಇನ್ನೂ ಎದ್ದಿಲ್ಲ ಎಂದು ಗಡಿಯಾರ ಹೇಳುತ್ತಿದ್ದಳು. ಕೊನೆಗೆ ಅವಳಿಗೂ ಹೇಳಿಬಿಟ್ಟೆ, ನೋಡು. ಅವಳು ಮೇಷ್ಟ್ರಿಗೆ ಹೇಳಲಿಲ್ಲ. ನಿನ್ನ ಅಕ್ಕ ತಾನೇ ಎಂದಳು.

ನಾನೇನಾದರೂ ತಪ್ಪು ಬರೆದೆನೇ? ತಮಾಷೆ ಹೆಚ್ಚಾಯಿತೇ? ಹಾಗಿದ್ದರೆ ಬೈದಾದರೂ ಬರೆ.

ನಮ್ಮ ಪೇಪರ್ ಮುಕ್ಕಾಲು ಆಗಿದೆ. ಮೊದಲ ಹೆಸರು ನನ್ನದು, ಎರಡನೆಯದು ಗಡಿಯಾರದ್ದು. ಜನವರಿಯ ಸಮ್ಮೇಳನದಲ್ಲಿ ಮೊದಲ ಸಲ ಹೊರಗೆ ತೋರಿಸುತ್ತೇವೆ.

ತಮ್ಮ

*

ನವೆಂಬರ್ 30

ತಮ್ಮಾ,

ಮನೆ ಬದಲಾಯಿಸಿದೆವು, ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ನೀನೇನೂ ತಪ್ಪು ಮಾಡಿಲ್ಲ.

ಸಮ್ಮೇಳನಕ್ಕೆ ನೀನೇ ಹೋಗುತ್ತೀಯಾ, ನಿಮ್ಮ ಮೇಷ್ಟ್ರೊಬ್ಬರೇ ಹೋಗುತ್ತಾರಾ? ಅಷ್ಟು ದೂರ ಯಾಕೆ ಸುಮ್ಮನೆ. ಜನವರಿಯಲ್ಲಿ ನಾನು ಊರಲ್ಲಿರುವುದಿಲ್ಲ, ಆಗ ಕಾಗದ ಬರೆಯಬೇಡ.

ಅಕ್ಕ

*

ಜನವರಿ 19

ಅಕ್ಕ,

ಈ ಕಾಗದವನ್ನೂ ಬಿರುದು ಬಾವಲಿಗಳಿಂದಲೇ ಶುರು ಮಾಡಿದ್ದೆ. ಎರಡು ಸಲ ಬರೆದು ಹರಿದೆ.

ಜನವರಿಯಲ್ಲಿ ನೀನು ಊರಲ್ಲಿರುವುದಿಲ್ಲ ಎಂದಿದ್ದೆ. ಎಲ್ಲಿರುತ್ತೀಯ ಎಂಬುದು ಸಮ್ಮೇಳನದ ಕಾರ್ಯಕ್ರಮ ಪಟ್ಟಿಯಲ್ಲಿ ಸಿಕ್ಕಿತು. ಎರಡನೆಯ ದಿನ ಬೆಳಿಗ್ಗೆ, ದೊಡ್ಡ ಸಭಾಂಗಣ, ನಿನ್ನ ಹೆಸರು, ಕೆಳಗೆ ನಿನ್ನ ಕಾರ್ಖಾನೆಯ ಹೆಸರು. ವಿಷಯ: ಮೃದು ಕಾಂತ ಪದರಗಳ ತಯಾರಿಕೆಯಲ್ಲಿ ಸುಧಾರಣೆ. ನಾನು ಏನೆಂದುಕೊಂಡೆ ಗೊತ್ತೇ? ಅಕ್ಕ ನನಗೆ ಆಟ ಕಟ್ಟಿದ್ದಾಳೆ ಎಂದುಕೊಂಡೆ. ನನ್ನನ್ನು ದಂಗುಬಡಿಸಲು ಬೇಕೆಂದೇ ಬಾಯಿಬಿಟ್ಟಿಲ್ಲ, ಅಂತೂ ತಮ್ಮನ ಕೀಟಲೆ ವಿದ್ಯೆ ಅಕ್ಕನಿಗೂ ಬಂತು ಎಂದು ಗಡಿಯಾರದ ಹತ್ತಿರ ಹೆಮ್ಮೆಪಟ್ಟೆ. ಅವಳ ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಕೊನೆಯ ಸಾಲಿನಲ್ಲಿ ಕೂತೆ. ಪ್ರಶ್ನೆಗಳ ಹೊತ್ತಿನಲ್ಲಿ ಎದ್ದುನಿಂತು ಕೇಳಲು ಒಂದು ಪ್ರಶ್ನೆಯನ್ನೂ ಬಾಯಿಪಾಠ ಮಾಡಿದ್ದೆ. ಮಾನ್ಯ ವಿದುಷಿಯವರೇ, ಬಾಲ್ಯದಲ್ಲಿ ತಮ್ಮನ ಪಾಲಿನ ಬಿಸ್ಕತ್ತುಗಳನ್ನು ತಾವು ತಿಂದದ್ದು ಎಷ್ಟು ಡಿಗ್ರಿ ಶಾಖದಲ್ಲಿ, ಎಂದು. ಮೇಷ್ಟ್ರು ನನ್ನ ಪಕ್ಕದಲ್ಲೇ ಇದ್ದರು. ಯಾಕೋ ಈ ವೇಷ ಎಂದು ಗದರಿದರು. ಆಮೇಲೆ ಗೊತ್ತಾಗುತ್ತೆ ಸಾರ್ ಎಂದೆ.

ನೀನು ನೀಲಿ ಕೋಟು ಹಾಕಿದ್ದೆ. ಚೆನ್ನಾಗಿ ಮಾತಾಡಿದೆ. ಎರಡನೆಯ ಚಿತ್ರದವರೆಗೆ ನಾನು ಮಫ್ಲರಿನೊಳಗೆ ನಗುತ್ತಲೇ ಇದ್ದೆ. ಮೂರನೆಯ ಚಿತ್ರದಲ್ಲಿ ಪದರವನ್ನು ಅಡ್ಡ ಕೊಯ್ದು ತೋರಿಸಿದ್ದೆ. ಅದರಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಸಾಲು ಮೊಂಡು ಕಂಬ. ಕೆಳಗೆ ಬರೆದಿತ್ತು, ಪ್ರತಿ ಬಿಡುವು ಏಳು ನಿಮಿಷ.

ನನ್ನ ಚಹಾ, ಅಕ್ಕ. ನಮ್ಮ ಮೂಲೆಯಂಗಡಿಯ ಚಹಾ ಆ ಗೋಡೆಯ ಮೇಲೆ ಆಳೆತ್ತರಕ್ಕಿತ್ತು.

ಏಳೇ ಯಾಕೆ ಎಂದು ಮುಂದಿನ ಸಾಲಿನ ಒಬ್ಬರು ಕೇಳಿದರು. ಬೇರೆ ಬೇರೆ ಅವಧಿ ಹಾಕಿ ನೋಡಿ ಆರಿಸಿಕೊಂಡದ್ದು ಎಂದು ನೀನು ಹೇಳಿದೆ. ಇದು ಹೊಳೆದದ್ದಾದರೂ ಹೇಗೆ ಎಂದು ಇನ್ನೊಬ್ಬರು ಕೇಳಿದರು. ನೀನು ಒಂದು ಕ್ಷಣ ನಿಂತೆ. ಮುಗುಳ್ನಕ್ಕೆ. “ಪದರ ಅರ್ಧ ಆಗಿರುವಾಗ ಕರೆಂಟ್ ಹೋಯ್ತು. ಬಂದ್ಮೇಲೆ ನಿಲ್ಲಿಸಿದ್ದಲ್ಲಿಂದ್ಲೇ ಮುಂದುವರಿಸಿದ್ವಿ. ಕೆಟ್ಟೇ ಹೋಯ್ತು ಅಂದ್ಕೊಂಡಿದ್ವಿ” ಎಂದೆ. ಎಲ್ಲರೂ ನಕ್ಕರು. ಎಲ್ಲಿ ತಡೆದು ಎಲ್ಲಿ ಮುಂದುವರಿದರೆ ಜನ ನಗುತ್ತಾರೆ ಎಂಬುದನ್ನೂ ನನ್ನಿಂದಲೇ ತೆಗೆದುಕೊಂಡಿದ್ದೆ.

ಮೇಷ್ಟ್ರು ಗೋಡೆ ನೋಡುತ್ತಿರಲಿಲ್ಲ. ನನ್ನ ಮಫ್ಲರನ್ನು ನೋಡುತ್ತಿದ್ದರು. ನಿನ್ನ ಮೂಗು ನನ್ನ ಮೂಗು ಒಂದೇ ಅಚ್ಚು ಎಂದು ಎಲ್ಲರೂ ಹೇಳುತ್ತಾರಲ್ಲ, ನಾನು ಅದನ್ನು ಮುಚ್ಚಿಕೊಂಡು ಕೂತಿದ್ದೆ.

ಮಧ್ಯಾಹ್ನ ನನ್ನ ಪೋಸ್ಟರಿನ ಸರದಿ. ನಿಂತೆ. ಬಂದ ಮೊದಲನೆಯವರು, ಇದನ್ನು ಬೆಳಿಗ್ಗೆಯೇ ಕೇಳಿದೆವಲ್ಲ, ನೀವೂ ಆ ಕಾರ್ಖಾನೆಯವರಾ ಎಂದರು. ಎರಡನೆಯವರೂ ಅದನ್ನೇ ಕೇಳಿದರು. ಮೂರನೆಯವರು ಬರುವ ಮುಂಚೆ ಮೇಷ್ಟ್ರು ಬಂದು ನಾಲ್ಕು ಮೂಲೆಯ ಪಿನ್ನು ಕಿತ್ತು ಪೋಸ್ಟರನ್ನು ಸುತ್ತಿದರು. ಗಡಿಯಾರ ಅದಕ್ಕೆ ಹಾಕಲು ರಬ್ಬರ್ ಬ್ಯಾಂಡ್ ಹುಡುಕುತ್ತಿದ್ದಳು. ನಿನ್ನನ್ನು ಹುಡುಕಿಕೊಂಡು ಸಭಾಂಗಣದ ಬಾಗಿಲವರೆಗೆ ಹೋದೆ. ನೀನು ಆಗಲೇ ಹೊರಟುಹೋಗಿದ್ದೆಯಂತೆ.

ನಾನು ಬರುತ್ತೇನೆಂದು ನಿನಗೆ ಗೊತ್ತಿತ್ತು. ಅದಕ್ಕೇ ಅಲ್ಲವೇ, ಅಷ್ಟು ದೂರ ಯಾಕೆ ಸುಮ್ಮನೆ ಎಂದು ಬರೆದದ್ದು?

ತಮ್ಮ

*

ಜನವರಿ 28

ತಮ್ಮಾ,

ನಿನ್ನ ಕಾಗದ ಓದಿದೆ. ಒಂದು ಸಲವಲ್ಲ.

ಹೋದ ಜೂನ್‌ನಲ್ಲಿ ನಮ್ಮ ಲೈನು ಮುಚ್ಚುತ್ತೇವೆ ಎಂದು ಹೇಳಿದ್ದರು. ನನ್ನ ಕೈಕೆಳಗೆ ನಲವತ್ತು ಜನ. ಅವರನ್ನು ಮನೆಗೆ ಕಳಿಸಿ, ನನ್ನನ್ನು ಉಗ್ರಾಣಕ್ಕೆ ಹಾಕುವ ಮಾತಾಗಿತ್ತು. ನಿನ್ನಲ್ಲಿಗೆ ಬರುತ್ತೇನೆಂದು ಹೇಳಿ ಬಾರದೆ ಇದ್ದದ್ದು ಅದಕ್ಕೇ. ನಿನಗೆ ಹೇಳಲಿಲ್ಲ, ಹೇಳಿದ್ದರೆ ಅದನ್ನೂ ತಮಾಷೆ ಮಾಡುತ್ತಿದ್ದೆ. ನಿನ್ನ ಚಹಾದ ಕಾಗದ ಬಂತು, ಆಮೇಲೆ ಆ ಆರು ಪುಟ. ಮಾರನೆಯ ದಿನವೇ ಲೈನಿನಲ್ಲಿ ಹಾಕಿ ನೋಡಿದೆ. ಬಂತು. ಲೈನು ಉಳಿಯಿತು. ನಿಮ್ಮ ಮೇಷ್ಟ್ರು ಎಲ್ಲ ಒಂದೊಂದಾಗಿ ನೋಡಿ ಆಗಲಿ ಎಂದು ಅದನ್ನು ಉಜ್ಜುತ್ತ ಕೂತಿದ್ದರು, ನೀನೇ ಬರೆದಿದ್ದೆಯಲ್ಲ.

ಕರೆಂಟಿನ ಕಥೆ ಕಟ್ಟಿದ್ದು ನಿನ್ನ ಒಳ್ಳೆಯದಕ್ಕೇ. ನಿನ್ನ ಹೆಸರು ಎತ್ತಿದ್ದರೆ, ಲ್ಯಾಬಿನ ಗುಟ್ಟು ಹೊರಗೆ ಹಾಕಿದವನು ಅಂತ ನಿನ್ನನ್ನೇ ಓಡಿಸುತ್ತಿದ್ದರು. ಈಗಲೂ ಅಷ್ಟೇ. ಮೇಷ್ಟ್ರು ಕೇಳಿದರೆ ಅಕ್ಕನಿಗೆ ಏನೂ ಬರೆದಿಲ್ಲ ಎನ್ನು. ನಾನೂ ಹಾಗೇ ಹೇಳುತ್ತೇನೆ. ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆಯಿತು, ಮುಗಿಯಿತು. ನನ್ನ ಕಾಗದಗಳಿದ್ದರೆ ಹರಿದುಹಾಕು. ನಿನ್ನವನ್ನು ನಾನು ಆಗಲೇ ಹರಿದೆ.

ನೀನು ಬುದ್ಧಿವಂತ, ಇನ್ನೊಂದು ಹೊಳೆಯುತ್ತದೆ. ನನಗೆ ಇನ್ನು ಹೊಳೆಯುವ ವಯಸ್ಸಲ್ಲ.

ಅಮ್ಮನಿಗೆ ಏನೂ ಹೇಳಬೇಡ.

ಅಕ್ಕ

*

ಫೆಬ್ರವರಿ 11

ಅಕ್ಕ,

ಎಲ್ಲವನ್ನೂ ಹರಿದೆಯಾ? ಮಂಚ ಅತ್ತದ್ದನ್ನೂ?

ಅದರಲ್ಲಿ ಚಹಾವೂ ಇರಲಿಲ್ಲ, ಬಿಡುವೂ ಇರಲಿಲ್ಲ. ಅಮ್ಮ ನಕ್ಕಿದ್ದಳು ಎಂದು ನೀನೇ ಬರೆದಿದ್ದೆ. ಅದನ್ನು ಹರಿಯುವಾಗಲೂ ನನ್ನ ಒಳ್ಳೆಯದೇ ನಿನ್ನ ಮನಸ್ಸಿನಲ್ಲಿದ್ದಿರಬೇಕು.

ನಿನ್ನ ಲೆಕ್ಕಾಚಾರ ಮೆಚ್ಚಿದೆ. ಇದು ನನ್ನದು ಎಂದು ಬಾಯಿಬಿಟ್ಟರೆ, ನಿನಗೆ ಬರೆದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ನಾನು ಇಲ್ಲಿ ಇರುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡರೆ ಅದು ನಿನ್ನದು. ಎಷ್ಟೋ ಜನರನ್ನು ಬಲೆಗೆ ಬೀಳಿಸಿದ್ದೇನೆ, ಇಷ್ಟು ನೀಟಾಗಿ ಯಾರನ್ನೂ ಬೀಳಿಸಿರಲಿಲ್ಲ. ಒಂದು ವಾರ ಸುಮ್ಮನಿದ್ದೆ. ಮೇಷ್ಟ್ರು ಒಂದು ಮಾತೂ ಕೇಳಲಿಲ್ಲ. ಗಡಿಯಾರವೂ ಕೇಳಲಿಲ್ಲ, ಅವಳಿಗೆ ಕೇಳುವುದೇನೂ ಉಳಿದಿರಲಿಲ್ಲ. ಪದರಗಳನ್ನು ಅಳೆದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಆ ಪೇಪರಿನಲ್ಲಿ ಅವಳ ಹೆಸರೂ ಇತ್ತು ಎಂಬುದು ನಿನಗೆ ಹೊಳೆಯಿತೇ? ನನಗೂ ಆರು ಪುಟ ಬರೆಯುವಾಗ ಹೊಳೆದಿರಲಿಲ್ಲ.

ಸೋಮವಾರ ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನಿನ್ನ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. 

“ನಿಮ್ಮಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಆಯಮ್ಮ ನನಗೇನಾಗ್ಬೇಕು? ನೀನು ದಿನಾ ನನ್ನೆದುರಿಗೆ ಕೂತು ಊಟ ಮಾಡ್ತಿದ್ದೆ” ಎಂದರು.

ನನ್ನ ಥೀಸಿಸ್‌ನಿಂದ ಆ ಅಧ್ಯಾಯ ಹೋಯಿತು. ಅದು ಹೋದ ಮೇಲೆ ಉಳಿದದ್ದು ಮುನ್ನುಡಿ ಮತ್ತು ಒಡೆದ ಗಾಜು. ನನ್ನನ್ನು ಓಡಿಸಲಿಲ್ಲ. ಚೇಂಬರಿನ ಕೀಲಿ ಗಡಿಯಾರದ ಕೈಗೆ ಹೋಯಿತು, ನಾನು ಅದರ ಒಳಗೋಡೆ ಉಜ್ಜುವ ಕೆಲಸಕ್ಕೆ ಇಳಿದೆ. ನಿನ್ನ ಮೇಲೆ ದೂರು ಕೊಡುವುದಾದರೆ ನಾನೇ ಕೊಡಬೇಕಂತೆ, ಅವರು ಕೊಡುವುದಿಲ್ಲವಂತೆ. ನಾನು ಕೊಟ್ಟಿಲ್ಲ. ಕೊಡುವುದಿಲ್ಲ ಎಂದೂ ಹೇಳಿಲ್ಲ.

ಲೈನಿನ ವಿಷಯ ಹೇಳಿದ್ದರೆ ತಮಾಷೆ ಮಾಡುತ್ತಿದ್ದೆ ಎಂದೆ. ಮಾಡುತ್ತಿದ್ದೆನೇನೋ. ಆಮೇಲೆ ಮೇಷ್ಟ್ರ ಕಾಲು ಹಿಡಿದಾದರೂ ನಿನಗೆ ಬೇಕಾದ್ದನ್ನು ಕೊಡಿಸುತ್ತಿದ್ದೆ. ನೀನು ಕೇಳಿಯೇ ನೋಡಲಿಲ್ಲ. ಅದೇ ನನಗೆ ನುಂಗಲಾಗದೆ ಇರುವುದು.

ತಮ್ಮ

*

ಜೂನ್ 3

ಪಂಪಿನೆಣ್ಣೆ ಮಂತ್ರಿಗಳ ದಿವ್ಯ ಸನ್ನಿಧಾನಕ್ಕೆ,

ಉಗ್ರಾಣದಿಂದ ಕೂದಲೆಳೆಯಲ್ಲಿ ಪಾರಾದ ನಿಮ್ಮ ಅಕ್ಕ ಮಾಡುವ ವಿಜ್ಞಾಪನೆ ಏನೆಂದರೆ: ನೀವು ಕೋಪ ಬಿಡಬೇಕು. ಹೇಗಿದೆ? ನನಗೂ ಸ್ವಲ್ಪ ಬರುತ್ತದೆ ನೋಡು.

ನನಗೆ ಬಡ್ತಿ ಬಂತು. ಅಮ್ಮ ಫೋನಿನಲ್ಲಿ ಹೇಳಿದಾಗ ನೀನು ಒಳ್ಳೆಯದು ಎಂದಷ್ಟೇ ಹೇಳಿ ಇಟ್ಟೆಯಂತೆ. ಅಕ್ಕ ತಮ್ಮ ಮಾತು ಬಿಟ್ಟಿದ್ದೀರಾ ಎಂದು ನನ್ನನ್ನು ಕೇಳುತ್ತಲೇ ಇದ್ದಾಳೆ. ಇಲ್ಲ ಎಂದಿದ್ದೇನೆ.

ಒಂದು ತೊಂದರೆಯಾಗಿದೆ. ಪದರಗಳು ಇಲ್ಲಿಂದ ಹೋಗುವಾಗ ಚೆನ್ನಾಗಿಯೇ ಇರುತ್ತವೆ. ಕೊಂಡವರು ಅವನ್ನು ಬೆಸುಗೆಗೆ ಒಲೆಯಲ್ಲಿ ಕಾಯಿಸುತ್ತಾರೆ. ಕಾಯಿಸಿದ ಮೇಲೆ ಹಠ ಮೊದಲಿನಷ್ಟೇ ಆಗುತ್ತದೆ, ಕೆಲವಕ್ಕೆ ಅದಕ್ಕಿಂತ ಹೆಚ್ಚು. ಬಿಡುವಿನ ಪೊರೆ ಒಡೆದು ಕಂಬಗಳು ಮತ್ತೆ ಕೂಡಿಕೊಳ್ಳುತ್ತವೆ ಎಂದು ನನ್ನ ಊಹೆ. ಮೂರು ಸಲ ಮಾಲು ವಾಪಸ್ ಬಂದಿದೆ. ಬಿಡುವು ಹೆಚ್ಚಿಸಿದೆ, ಇಳಿಸಿದೆ, ಏನೂ ಆಗಲಿಲ್ಲ. ಸೆಪ್ಟೆಂಬರ್‌ನೊಳಗೆ ಸರಿಯಾಗದಿದ್ದರೆ ಲೈನು ಮತ್ತೆ ಮುಚ್ಚುವ ಮಾತಿಗೇ ಬರುತ್ತಾರೆ.

ಇದರ ಒಳಗುಟ್ಟು ಬಲ್ಲವನು ನೀನೊಬ್ಬನೇ. ಈ ಸಲ ನಿನ್ನ ಹೆಸರನ್ನೂ ಹಾಕಿಸುತ್ತೇನೆ, ಮೇಲಿನವರ ಹತ್ತಿರ ಮಾತಾಡಿದ್ದೇನೆ. ಕಾಯಿಸಿದರೂ ಹಠ ಏರದ ಹಾಗೆ ಮಾಡಲು ಏನು ಮಾಡಬೇಕು? ಒಂದು ಸಾಲು ಬರೆ ಸಾಕು. ಹಳೆಯದನ್ನು ಮರೆತುಬಿಡೋಣ.

ನಿನ್ನ ಅಕ್ಕ

*

ಜೂನ್ 17

ಅಕ್ಕ,

ನಿನ್ನ ಕಾಗದದ ಮೊದಲ ಸಾಲಿಗೆ ನಕ್ಕೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಆದರೆ ಪುಟ ತಿರುಗಿಸುವ ಮುಂಚೆಯೇ ಹಿಂದುಗಡೆ ಒಂದು ಪ್ರಶ್ನೆ ಇರುತ್ತದೆ ಎಂದು ಗೊತ್ತಾಯಿತು. ಸ್ವೆಟರ್ ಕಳಿಸಿದ ಸಲವೂ ಪ್ರಶ್ನೆ ಬಂದಿತ್ತು. ಆಗ ನಾನು ಪ್ರಶ್ನೆಗಳನ್ನೇ ಪ್ರೀತಿ ಎಂದುಕೊಂಡಿದ್ದೆ. ಈಗ ಕೆಮ್ಮು ಹೇಗಿದೆ ಎಂದು ನೀನು ಕೇಳಿದ್ದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತೇನೆ. ನಿಜವಾಗಿಯೂ ಕೇಳಿದ್ದೆಯೇನೋ. ಅದನ್ನು ತಿಳಿಯುವ ದಾರಿ ನನ್ನ ಹತ್ತಿರ ಉಳಿದಿಲ್ಲ.

ಮೊದಲು ನಿನಗೊಂದು ಸುಳ್ಳು ಉತ್ತರ ಬರೆದೆ. ಇಂತಿಷ್ಟು ಡಿಗ್ರಿಗೆ ಇಂತಿಷ್ಟು ಹೊತ್ತು ಕಾಯಿಸತಕ್ಕದ್ದು ಎಂದು, ಮುದ್ರೆ ಒತ್ತುವುದೊಂದು ಬಾಕಿ, ಅಷ್ಟು ಗಂಭೀರವಾಗಿ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೀಟಲೆ ಮಾಡಿರಲಿಲ್ಲ. ನೀನು ನಂಬುತ್ತಿದ್ದೆ, ಒಂದು ತಿಂಗಳ ಮಾಲನ್ನು ಆ ಶಾಖಕ್ಕೆ ಹಾಕುತ್ತಿದ್ದೆ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಆ ನಲವತ್ತು ಜನ ನೆನಪಾದರು. ಅವರು ನನಗೇನೂ ಮಾಡಿಲ್ಲ. ಒಡೆದು ಹರಿದೆ.

ನಿನ್ನ ಊಹೆ ಸರಿ. ಪೊರೆ ಒಡೆಯುತ್ತದೆ. ಒಡೆಯದ ಹಾಗೆ ಮಾಡುವುದೂ ಸಾಧ್ಯ. ಏಪ್ರಿಲ್‌ನಲ್ಲಿ ಮೇಷ್ಟ್ರು ನನಗೆ ಹೊಸ ಕೆಲಸ ಕೊಟ್ಟರು, ಕಾಯಿಸಿದಾಗ ಈ ಪದರಗಳಿಗೆ ಏನಾಗುತ್ತದೆ ನೋಡು ಎಂದು. ಗಡಿಯಾರ ಕೀಲಿ ತಂದು ನನ್ನ ಮುಂದಿಟ್ಟಳು, ಮಾತಾಡಲಿಲ್ಲ. ಹೋದ ತಿಂಗಳು ಆಡಿದಳು. ಒಲೆಯಿಂದ ತೆಗೆದ ಪದರವನ್ನು ಅಳೆದು, ಹಠ ಏರಿಲ್ಲ ಎಂದಳು. ಅಷ್ಟೇ. ಅಷ್ಟಕ್ಕೇ ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆದ್ದರಿಂದ ನಿನ್ನ ಪ್ರಶ್ನೆಯ ಉತ್ತರ ನನಗೆ ಗೊತ್ತು. ನೀನು ಕೇಳಿದ ಹಾಗೆ ಒಂದೇ ಸಾಲಿನದು. ಇಷ್ಟು ಹೊತ್ತು ಪೆನ್ನು ಹಿಡಿದು ಅದನ್ನು ಬರೆಯದೆ ಕೂತಿದ್ದೇನೆ. ನಿನಗೆ ಹೇಳದೆ ಏನನ್ನಾದರೂ ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ, ಕೈ ತಾನಾಗಿ ಆ ಕಡೆಗೇ ಹೋಗುತ್ತದೆ.

ನನ್ನ ಹೆಸರು ಹಾಕಿಸುವುದು ಬೇಡ. ಅಮ್ಮ ಕೇಳಿದರೆ ಮಾತು ಬಿಟ್ಟಿದ್ದೇವೆ ಎಂದೇ ಹೇಳು, ಯಾಕೆ ಎಂಬುದನ್ನೂ ನೀನೇ ಹೇಳು.

ಈ ಹೊಸ ಪೇಪರ್ ನಿನ್ನೆ ಪತ್ರಿಕೆಗೆ ಹೋಯಿತು, ಮೂರು ಜನರ ಹೆಸರಿನಲ್ಲಿ. ಅವರು ಪರಿಶೀಲಿಸಿ ಅಚ್ಚು ಹಾಕುವ ಹೊತ್ತಿಗೆ ಸೆಪ್ಟೆಂಬರ್ ದಾಟಿರುತ್ತದೆ. ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನುವುದಿಲ್ಲ. ಅಚ್ಚಾದ ಮೇಲೆ ತರಿಸಿಕೊಂಡು ಓದು, ಎಲ್ಲರ ಹಾಗೆ.

ತಮ್ಮ